ಮಹಾಲಕ್ಷ್ಮಮ್ಮನಿಗೆ ಬಡಿದ ಗಾಳಿ

ಮಹಾಲಕ್ಷ್ಮಮ್ಮ ನಮ್ಮ ಆಫೀಸಿಗೆ ಮೊದಲ ಸಲ ಬಂದ ದಿನ ಆಕೆಯ ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ವಕೀಲರ ಆಫೀಸಿಗೆ ಬರುವವರು ಗಾಬರಿಯಲ್ಲಿ ಏನೇನೋ ಮರೆತು ಬರುತ್ತಾರೆ. ಆಧಾರ್ ಕಾರ್ಡ್ ಮರೆಯುತ್ತಾರೆ, ಕನ್ನಡಕ ಮರೆಯುತ್ತಾರೆ. ಒಬ್ಬ ಪುಣ್ಯಾತ್ಮ ತಾನು ಯಾರ ಮೇಲೆ ಕೇಸು ಹಾಕಲು ಬಂದಿದ್ದನೋ ಅವನ ಹೆಸರನ್ನೇ ಮರೆತಿದ್ದ. ಆದರೆ ಒಂಟಿ ಚಪ್ಪಲಿಯಲ್ಲಿ ಬಂದವರನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇನ್ನೊಂದು ಎಲ್ಲಮ್ಮ?" ಎಂದೆ.

ಆಕೆ ಬಗ್ಗಿ ಕಾಲು ನೋಡಿಕೊಂಡಳು. ಬೇರೆ ಯಾರದೋ ಕಾಲು ನೋಡುವವಳ ಹಾಗೆ ನೋಡಿದಳು. "ಅಯ್ಯೋ, ಮತ್ತೆ ಕಳ್ಚೋಯ್ತಾ," ಎಂದು ಗೋಡೆ ಹಿಡಿದುಕೊಂಡು ಮೆಟ್ಟಿಲ ಕಡೆ ತಿರುಗಿದಳು. ಬೀಳುತ್ತಾಳೆ ಎನ್ನಿಸಿ ನಾನೇ ಇಳಿದು ಹೋದೆ. ಚಪ್ಪಲಿ ಮೆಟ್ಟಿಲ ನಡುವೆ ಬಿದ್ದಿತ್ತು. ಅವತ್ತು ಬೆಳಗಿನಿಂದ ನನ್ನ ತಲೆ ಸರಿಯಿರಲಿಲ್ಲ, ತಂದುಕೊಟ್ಟು ಸುಮ್ಮನಿರದೆ, "ಕಾಲಲ್ಲಿ ಚಪ್ಪಲಿ ಇದೆಯೋ ಇಲ್ವೋ ಅಷ್ಟೂ ಗೊತ್ತಾಗೋದಿಲ್ವಾ?" ಎಂದು ರೇಗಿದೆ.

"ಇಲ್ಲ ಕಣಣ್ಣ, ಗೊತ್ತಾಗದಿಲ್ಲ," ಎಂದಳು ಆಕೆ. "ಅದ್ಕೇಯ ಬಂದಿರದು."

ನಾನು ಪುಟ್ಟಬಸಪ್ಪ. ಊರು ಚಂದಕವಾಡಿ. ಚಾಮರಾಜನಗರದ ಕೋರ್ಟಿನ ಎದುರು ವಕೀಲೆ ಬೃಂದಾ ಅವರ ಆಫೀಸಿನಲ್ಲಿ ಗುಮಾಸ್ತ. ಬಂದವರಿಗೆ ಕುರ್ಚಿ ಹಾಕುವುದು, ಅವರ ಗೋಳನ್ನು ಕೇಳಿ ಅದರಲ್ಲಿ ಕೇಸಿಗೆ ಬೇಕಾದದ್ದೆಷ್ಟು ಎಂದು ಜರಡಿ ಹಿಡಿಯುವುದು ನನ್ನ ಕೆಲಸ. ಜನ ಎಮ್ಮೆಯಿಂದ ಶುರುಮಾಡಿ ಅಣ್ಣತಮ್ಮಂದಿರ ಜಗಳಕ್ಕೆ ಬಂದು ಮತ್ತೆ ಎಮ್ಮೆಗೆ ಹೋಗುತ್ತಾರೆ. ನನಗೆ ತಾಳ್ಮೆ ಕಡಿಮೆ. ಆದರೆ ಮಹಾಲಕ್ಷ್ಮಮ್ಮ ಅವತ್ತು ಹೇಳಿದ್ದರಲ್ಲಿ ಜರಡಿಯಲ್ಲಿ ಎಸೆಯುವಂಥದ್ದು ಏನೂ ಸಿಕ್ಕಲಿಲ್ಲ.

ಆಕೆಯದು ಉಡಿಗಾಲ. ಗಂಡ ಶಿವಮಲ್ಲು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ದಿನಗೂಲಿ ವಾಚರ್. ಕಾಡಿಗೆ ಹೋದರೆ ವಾರಗಟ್ಟಲೆ ಊರ ಕಡೆ ತಲೆ ಹಾಕುವುದಿಲ್ಲ. ಮನೆಯಲ್ಲಿ ಇರುವುದು ಅತ್ತೆ ಸಣ್ಣಮ್ಮ ಮತ್ತು ಈಕೆ. ಇಬ್ಬರಿಗೂ ಮಾತು ಹೆಚ್ಚು, ಹಾಗಾಗಿ ಜಗಳ ಕಡಿಮೆ. ಸಣ್ಣಮ್ಮ ಹೊಲ ನೋಡಿಕೊಂಡರೆ ಮಹಾಲಕ್ಷ್ಮಮ್ಮ ಗುಂಡ್ಲುಪೇಟೆ ರಸ್ತೆಯ ಒಂದು ಹೂವಿನ ಫ್ಯಾಕ್ಟರಿಗೆ ಹೋಗುತ್ತಿದ್ದಳು.

ಹೂವಿನ ಫ್ಯಾಕ್ಟರಿ ಎಂದರೆ ಹಾರ ಕಟ್ಟುವ ಜಾಗ ಎಂದುಕೊಳ್ಳಬೇಡಿ. ಗುಂಡ್ಲುಪೇಟೆ ಸುತ್ತ ಮಳೆಗಾಲದಲ್ಲಿ ಚೆಂಡು ಹೂ ಅರಳಿದರೆ ಕೇರಳದ ಕಡೆಯಿಂದ ಬರುವ ಕಾರುಗಳೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುತ್ತವೆ. ಹೊಲದಲ್ಲಿ ಅಷ್ಟು ಚಂದ ಕಾಣುವ ಆ ಹೂವನ್ನು ಫ್ಯಾಕ್ಟರಿಯಲ್ಲಿ ಗುಡ್ಡೆ ಹಾಕಿ ಕೊಳೆಸುತ್ತಾರೆ, ಒಣಗಿಸುತ್ತಾರೆ, ಪುಡಿ ಮಾಡುತ್ತಾರೆ. ಆಮೇಲೆ ಒಂದು ದ್ರವದಲ್ಲಿ ನೆನೆಸಿ ಅದರ ಬಣ್ಣ ಬಸಿಯುತ್ತಾರೆ. ಆ ಬಣ್ಣ ಕೋಳಿ ಫೀಡಿಗೆ, ಮಾತ್ರೆಗೆ, ಇನ್ನೂ ಏನೇನಕ್ಕೋ ಹೋಗುತ್ತದೆ. ಬಸಿಯುವ ದ್ರವದ ಹೆಸರು ಹೆಕ್ಸೇನ್. ಪೆಟ್ರೋಲಿನ ಜಾತಿಯದು, ನೋಡಲು ನೀರಿನ ಹಾಗೆಯೇ ಇರುತ್ತದೆ.

ಹೆಂಗಸರ ಬಾಯಲ್ಲಿ ಆ ಹೆಸರು ನಿಲ್ಲಲಿಲ್ಲ. ತಟ್ಟೆಯಲ್ಲಿ ಸುರಿದರೆ ನೋಡುತ್ತಿದ್ದ ಹಾಗೆಯೇ ಆರಿ ಮಾಯವಾಗುತ್ತಿತ್ತಲ್ಲ, ಅದಕ್ಕೆ 'ಗಾಳಿನೀರು' ಎಂದು ಕರೆದರು. ಅದರಿಂದ ಏಳುವ ಹಬೆಗೆ ಬರೀ 'ಗಾಳಿ' ಎಂದರು. ಗಾಳಿ ಎದ್ದಿದೆ, ಗಾಳಿ ಜಾಸ್ತಿ ಇದೆ, ಇವತ್ತು ನನಗೆ ಗಾಳಿ ಬಡಿಯಿತು – ಹೀಗೆ. ಅಲ್ಲಿನ ಸೂಪರ್‌ವೈಸರ್ ಬಸವಪ್ರಸಾದ್ ಡಿಪ್ಲೊಮಾ ಓದಿದವನು; ಬಂದ ಹೊಸತರಲ್ಲಿ ಹೆಕ್ಸೇನ್ ಹೆಕ್ಸೇನ್ ಎನ್ನುತ್ತಿದ್ದನಂತೆ. ಹೆಂಗಸರು ನಕ್ಕೂ ನಕ್ಕೂ ಅವನ ಬಾಯಲ್ಲೂ ಅದು ಗಾಳಿಯೇ ಆಯಿತು.

ಮಹಾಲಕ್ಷ್ಮಮ್ಮನ ಕೆಲಸ ಹಿಂದಿನ ರೂಮಿನಲ್ಲಿ. ಬಣ್ಣ ಬಸಿದ ಮೇಲೆ ಉಳಿಯುವ ಬಿಸಿ ಹಿಂಡಿಯನ್ನು ಚೀಲಕ್ಕೆ ತುಂಬುವುದು, ಸೋಸುವ ಬಟ್ಟೆಗಳನ್ನು ಗಾಳಿನೀರಿನಲ್ಲೇ ಅದ್ದಿ ಉಜ್ಜುವುದು. ಪುಡಿ ಹಾರುತ್ತದೆಂದು ಬಾಗಿಲು ಹಾಕಿರುತ್ತಿದ್ದರು. ಫ್ಯಾನ್ ಹಾಕಿದರೆ ಕಿಡಿ ಹತ್ತುತ್ತದೆಂದು ಫ್ಯಾನ್ ಇರಲಿಲ್ಲ. ಕಿಡಿ ಹತ್ತದ ಫ್ಯಾನುಗಳೂ ಇವೆ ಎಂದು ನಮಗೆ ಆಮೇಲೆ ಗೊತ್ತಾಯಿತು. ಫ್ಯಾಕ್ಟರಿಯವರಿಗೆ ಮೊದಲೇ ಗೊತ್ತಿತ್ತು.

ಇನ್ನೊಂದು ಸಂಗತಿ ಕೇಳಿ ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಚೆಂಡು ಹೂವಿನ ಅಂಟು ಕೈಕಾಲಿಗೆ ಹತ್ತಿದರೆ ಸೋಪಿಗೂ ಹೋಗುವುದಿಲ್ಲ, ಹುಣಸೆಹಣ್ಣಿಗೂ ಹೋಗುವುದಿಲ್ಲ. ಗಾಳಿನೀರಿನಲ್ಲಿ ಒರೆಸಿದರೆ ಒಂದೇ ಸಲಕ್ಕೆ ಹೋಗುತ್ತದೆ. ಸಂಜೆ ವ್ಯಾನ್ ಹತ್ತುವ ಮೊದಲು ಹೆಂಗಸರೆಲ್ಲ ಬಕೆಟ್ ಸುತ್ತ ಕೂತು, ಹರಟೆ ಹೊಡೆಯುತ್ತ, ಅದರಲ್ಲೇ ಕೈಕಾಲು ತೊಳೆದುಕೊಳ್ಳುತ್ತಿದ್ದರು.

"ಊರಿಗೆ ಓದಾಗ ಅರಿಸಿನ ಕಾಲು ಮಾಡ್ಕೊಂಡು ಓದ್ರೆ ಚೆನ್ನಾಗಿರ್ತದಾ ಅಣ್ಣ? ತಣ್ಣಗೆ ಇತ್ತು, ಹಿತ್ವಾಗಿತ್ತು," ಎಂದಳು ಮಹಾಲಕ್ಷ್ಮಮ್ಮ.

ಅದು ಮೈಯೊಳಗೆ ಹೋಗುತ್ತದೆ, ನರ ತಿನ್ನುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೈಗವಸು ಕೊಟ್ಟಿರಲಿಲ್ಲ. ಆಯುಧಪೂಜೆಗೆ ಕಡಲೆಪುರಿಯನ್ನಂತೂ ತಪ್ಪದೆ ಕೊಡುತ್ತಿದ್ದರಂತೆ.

ಮೊದಲು ಬೆರಳ ತುದಿ ಜೋಮು ಹಿಡಿಯಿತು. ಆಮೇಲೆ ಪಾದ. ಕೆಲಸ ಮುಗಿಸಿ ಬಂದಾಗ ತಲೆ ತಿರುಗುವುದು, ಊಟ ಸೇರದಿರುವುದು. ಒಂದು ಸಂಜೆ ಮನೆಗೆ ಬಂದವಳೇ ಕಂಬಕ್ಕೆ ಒರಗಿ ಕೂತು, "ಅತ್ತೆ, ಇವತ್ತು ಗಾಳಿ ಬಡ್ದುಬುಡ್ತು," ಎಂದಳು.

ನಮ್ಮ ಸೀಮೆಯಲ್ಲಿ ಗಾಳಿ ಬಡಿಯಿತು ಎಂದರೆ ದೆವ್ವ ಸೋಕಿತು ಎಂದೇ ಅರ್ಥ. ಹಿಂದಿನ ರೂಮಿನ ಭಾಷೆ ಸಣ್ಣಮ್ಮನಿಗೆ ಹೇಗೆ ಗೊತ್ತಾಗಬೇಕು? ಆಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಎಲ್ಲಮ್ಮಿ ಬಡೀತು?"

"ಅಲ್ಲೇ, ಇಂದ್ಗಡೆ ರೂಮಲ್ಲಿ. ದಿನಾ ಅಲ್ವಾ."

"ದಿನಾನಾ!"

ಆ ಜಾಗದಲ್ಲಿ ಮೊದಲು ಏನಿತ್ತು ಎಂದು ಸಣ್ಣಮ್ಮ ವಿಚಾರಣೆ ಶುರುಮಾಡಿದಳು. ಪೊಲೀಸರೂ ಅಷ್ಟು ಚುರುಕಾಗಿ ವಿಚಾರಿಸುವುದಿಲ್ಲ. ಅಲ್ಲಿ ಹಳೆಯ ಹುಣಸೆಮರ ಇತ್ತೆಂದೂ ಫ್ಯಾಕ್ಟರಿಯವರು ಕಡಿಸಿದರೆಂದೂ ಯಾರೋ ಹೇಳಿದರು. ಅಲ್ಲಿಗೆ ಮುಗಿಯಿತು. ಮರ ಕಡಿದರೆ ಅದರಲ್ಲಿದ್ದದ್ದು ಎಲ್ಲಿಗೆ ಹೋಗಬೇಕು? ಪಕ್ಕದ ರೂಮಿನಲ್ಲಿ ಚೀಲ ತುಂಬುವ ಸೊಸೆಯ ಮೈಗೇ ಬರಬೇಕು.

ಮಹಾಲಕ್ಷ್ಮಮ್ಮ ಮೊದಲು ನಕ್ಕಳಂತೆ. ಅದು ಬೇರೆ ಗಾಳಿ, ಇದು ಬೇರೆ ಗಾಳಿ ಎಂದಳಂತೆ. ಆದರೆ ಚಪ್ಪಲಿ ಕಳಚಿದರೂ ತಿಳಿಯದ ಹಾಗಾದಾಗ, ಅನ್ನ ಕಲಸುವಾಗ ಬೆರಳಿಗೆ ಬಿಸಿ ತಿಳಿಯದ ಹಾಗಾದಾಗ ಆಕೆಗೂ ಹೆದರಿಕೆಯಾಯಿತು. "ನಂಗೂ ಒಸಿ ಅಂಗೇಯ ಅನ್ನುಸ್ತು ಅಣ್ಣ. ಇಬ್ರು ಏಳ್ದಾಗ ಒಬ್ಳು ಎಷ್ಟೊತ್ತು ಇಲ್ಲ ಅನ್ನದು?" ಇನ್ನೊಬ್ಬ ಯಾರೆಂದು ಕೇಳಿದೆ. ಇನ್ನೊಬ್ಬ ಮಾರಯ್ಯ.

ಮಾರಯ್ಯ ನಮ್ಮ ಊರ ಕಡೆಯವನೇ. ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಒಳ್ಳೆಯ ಔಷಧಿ ಕೊಡುತ್ತಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ನಾನೇ ಅವನಿಗೆ ಶಾಲು ಹೊದಿಸುತ್ತಿದ್ದೆ. ದನದಿಂದ ಮನುಷ್ಯರಿಗೆ ಬಡ್ತಿ ಪಡೆದು ಗಾಳಿ ಬಿಡಿಸುವುದಕ್ಕೆ ಹೊರಟಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಸಣ್ಣಮ್ಮ ಸೊಸೆಯನ್ನು ಅವನ ಮುಂದೆ ಕೂರಿಸಿದಳು. ಅವನು ಬೇವಿನ ಸೊಪ್ಪು ಆಡಿಸಿದ, ಏನೋ ಗೊಣಗಿದ. ಕೊನೆಗೆ ಕಾಲು ನೀಡಲು ಹೇಳಿ, ಉರಿಯುವ ಕರ್ಪೂರವನ್ನು ಅಂಗಾಲಿನ ಹತ್ತಿರ ಹಿಡಿದ. ಶಾಖ ತಾಗಿದ ಕೂಡಲೇ ಒಳಗಿರುವುದು ಕಿರುಚಿಕೊಂಡು ಬಾಯಿ ಬಿಡುತ್ತದೆ ಎಂಬುದು ಅವನ ಲೆಕ್ಕ. ನೆಟ್ಟಗಿರುವ ಯಾರ ಅಂಗಾಲಿಗೆ ಕರ್ಪೂರ ಹಿಡಿದರೂ ಕಿರುಚುತ್ತಾರೆ; ಅವನ ವಿದ್ಯೆಯೆಲ್ಲ ನಿಂತಿದ್ದದ್ದು ಅದರ ಮೇಲೆ. ಮಹಾಲಕ್ಷ್ಮಮ್ಮ ಕಿರುಚಲಿಲ್ಲ. ಕಣ್ಣು ಮುಚ್ಚಿ, ಕೈ ಮುಗಿದು, ಸುಮ್ಮನೆ ಕೂತಿದ್ದಳು. ಅವನು ಇನ್ನೂ ಹತ್ತಿರ ಹಿಡಿದ. ಆಗಲೂ ಇಲ್ಲ. ಕಡೆಗೆ ಚರ್ಮ ಸುಟ್ಟ ವಾಸನೆ ಸಣ್ಣಮ್ಮನ ಮೂಗಿಗೆ ಬಡಿಯಿತು.

"ಬುಡಯ್ಯ, ಬುಡು! ಸುಡ್ತಾ ಅದೆ!" ಎಂದು ಸಣ್ಣಮ್ಮ ಅವನ ಕೈಯನ್ನು ದಬ್ಬಿದಳು.

ಆಗ ಮಹಾಲಕ್ಷ್ಮಮ್ಮ ಕಣ್ಣು ಬಿಟ್ಟು ಕೇಳಿದಳಂತೆ: "ಶುರು ಮಾಡುದ್ನಾ ಅತ್ತೆ?"

ಇದನ್ನು ಆಕೆ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ ಬೃಂದಾ ಮೇಡಂ ಹೊರಗೆ ಬಂದು ಬಾಗಿಲ ಹತ್ತಿರ ನಿಂತರು.

ಕಿರುಚದ ದೆವ್ವ ಬಲು ಗಟ್ಟಿ ಎಂದ ಮಾರಯ್ಯ. ತೋಳಿಗೆ ತಾಯತ ಕಟ್ಟಿ, ಕಾಲಿಗೆ ಸ್ಪರ್ಶ ಬರುವವರೆಗೂ ಪ್ರತಿ ಅಮಾವಾಸ್ಯೆ ಬರಬೇಕು ಎಂದ. ಅವತ್ತು ಸಂಜೆಯಿಂದ ಸಣ್ಣಮ್ಮನಿಗೆ ಒಂದು ಅಭ್ಯಾಸವಾಯಿತು. ಹೊತ್ತು ಮುಳುಗುವ ಮೊದಲು ಸೊಸೆಯನ್ನು ಜಗಲಿ ಮೇಲೆ ಕೂರಿಸಿ, ಕಾಲನ್ನು ತೊಡೆ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಹಿಸುಕಿ, "ಗೊತ್ತಾಯ್ತದಾ?" ಎಂದು ಕೇಳುತ್ತಿದ್ದಳು. ಅತ್ತೆ ಸೊಸೆಯ ಕಾಲು ಹಿಡಿಯುವುದನ್ನು ಕಂಡು ಬೀದಿಯವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಸಣ್ಣಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

"ಗೊತ್ತಾಯ್ತದೆ ಅತ್ತೆ," ಎನ್ನುತ್ತಿದ್ದಳು ಮಹಾಲಕ್ಷ್ಮಮ್ಮ.

ಏನೂ ಗೊತ್ತಾಗುತ್ತಿರಲಿಲ್ಲ. ಇಲ್ಲ ಎಂದರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಕರ್ಪೂರ. ಆದ್ದರಿಂದ ಪ್ರತಿ ಬೆರಳಿಗೂ ಗೊತ್ತಾಯ್ತದೆ, ಗೊತ್ತಾಯ್ತದೆ ಎಂದು ಹೇಳಿ ಮುಗಿಸುತ್ತಿದ್ದಳು.

ಸುಟ್ಟ ಗಾಯ ಕೀವಾಯಿತು. ಆಸ್ಪತ್ರೆಗೆ ಹೋದಾಗ ಚೀಟಿ ಬರೆದವರು ಏನಾಯಿತು ಎಂದು ಕೇಳಿದರು. ಗಾಳಿ ಬಡಿದಿತ್ತು, ಬಿಡಿಸಲು ಹೋಗಿ ಸುಟ್ಟಿತು ಎಂದಳು ಆಕೆ. ಅವರು ಹಾಗೆಯೇ ಬರೆದುಕೊಂಡರು. ಗಾಯ ತೊಳೆಯಲು ಬಂದ ಡಾಕ್ಟರ್ ತೇಜಸ್ವಿನಿ ಬೇರೆ ಥರದವರು. ಸತ್ತ ಚರ್ಮ ಕೆರೆಯುತ್ತಿದ್ದರೂ ಈ ಹೆಂಗಸು ಪಕ್ಕದ ಹಾಸಿಗೆಯವಳ ಜೊತೆ ಬದನೆಕಾಯಿ ಬೆಲೆ ಮಾತಾಡುತ್ತಿರುವುದನ್ನು ನೋಡಿ ಕೈ ನಿಲ್ಲಿಸಿದರು.

"ನೋವಾಗ್ತಿಲ್ವಾ?"

ಅತ್ತೆ ಹೊರಗಿದ್ದಳು. "ಇಲ್ಲ ಮೇಡಂ," ಎಂದು ನಿಜ ಹೇಳಿದಳು.

ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಏನು ಕೆಲಸ ಎಂದರು, ಕೈಗೆ ಅಂಟಿದ ಬಣ್ಣ ಏನು ಹಾಕಿ ತೊಳೆಯುತ್ತೀರಿ ಎಂದರು. ಆಮೇಲೆ ಮೈಸೂರಿಗೆ ಕಳಿಸಿ ನರಗಳ ಪರೀಕ್ಷೆ ಮಾಡಿಸಿದರು. ಕೈಕಾಲಿನ ನರಗಳು ಹೆಕ್ಸೇನಿನಿಂದ ಹಾಳಾಗಿವೆ. ಅದರಿಂದ ದೂರವಿದ್ದರೆ ನಿಧಾನಕ್ಕೆ ಸ್ವಲ್ಪ ಬರಬಹುದು, ಬರದೆಯೂ ಇರಬಹುದು ಎಂದರು. ನಿಮ್ಮ ಹಕ್ಕೇನೆಂದು ವಕೀಲರನ್ನು ಕೇಳಿ ಎಂದವರೂ ಅವರೇ. ಕೆಲಸಕ್ಕೆ ಹೋಗದ ಮೇಲೆ ಫ್ಯಾಕ್ಟರಿಯವರು ಆಕೆಯ ಹೆಸರು ತೆಗೆದರು. ಆಕೆಯನ್ನು ಕೆಲಸಕ್ಕೆ ಸೇರಿಸಿದ್ದ ಕಾಂಟ್ರಾಕ್ಟರ್, 'ಹೊಣೆ ನಮ್ಮದಲ್ಲ, ಫ್ಯಾಕ್ಟರಿಯದು' ಎಂದ. ಫ್ಯಾಕ್ಟರಿ, 'ನಮ್ಮದಲ್ಲ, ಕಾಂಟ್ರಾಕ್ಟರದು' ಎಂದಿತು.

ಬೃಂದಾ ಮೇಡಂ ಸುತ್ತುಬಳಸಿ ಮಾತಾಡುವವರಲ್ಲ. ಒಂದು ಸ್ಟೂಲು ಎಳೆದುಕೊಂಡು ಆಕೆಯ ಎದುರಿಗೆ ಕೂತು ಬಿಡಿಸಿ ಹೇಳಿದರು. ಕೆಲಸದ ಜಾಗದಲ್ಲಿ ಕೈ ಕತ್ತರಿಸಿದರೆ ಮಾತ್ರವಲ್ಲ, ಕೆಲಸದಿಂದ ಕಾಯಿಲೆ ಬಂದರೂ ಮಾಲೀಕ ಪರಿಹಾರ ಕೊಡಬೇಕು. ಕಾಂಟ್ರಾಕ್ಟರ್ ಮೂಲಕ ಸೇರಿದ್ದರೂ ಸರಿ, ಕೆಲಸ ಯಾರದೋ ಆ ಮಾಲೀಕನೂ ಹೊಣೆ. ಇ.ಎಸ್.ಐ. ವಿಮೆ ಮಾಡಿಸಿದ್ದರೆ ದಾರಿ ಬೇರೆ ಇತ್ತು, ನಿಮಗೆ ಮಾಡಿಸಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದರೆ ಗಡುವು ಮೀರುತ್ತದೆ, ನೀವು ಮೀರಿಸಿಲ್ಲ.

"ಆದರೆ ಒಂದು ಮಾತು," ಎಂದರು. "ಈ ಕಾಯಿಲೆ ಆ ಕೆಲಸದಿಂದಲೇ ಬಂತು ಅಂತ ನಾವು ತೋರಿಸಬೇಕು. ಅದೊಂದು ನಿಂತರೆ ಎಲ್ಲ ನಿಲ್ಲುತ್ತೆ. ಅದು ಬಿದ್ದರೆ ಎಲ್ಲ ಬೀಳುತ್ತೆ."

"ಬಿದ್ರೆ?" ಎಂದಳು ಮಹಾಲಕ್ಷ್ಮಮ್ಮ.

ಬೃಂದಾ ಮೇಡಂ ಆಸ್ಪತ್ರೆಯ ಚೀಟಿಗಳನ್ನು ಜೋಡಿಸತೊಡಗಿದರು. ನಾನು ಮನಸ್ಸಿನಲ್ಲೇ ಉತ್ತರ ಹೇಳಿಕೊಂಡೆ. ಗೆದ್ದರೆ ಔಷಧಿಗೂ ಊಟಕ್ಕೂ ಒಂದು ದಾರಿ. ಸೋತರೆ ದೆವ್ವ, ಮಾರಯ್ಯ, ಕರ್ಪೂರ.

ಪರಿಹಾರಕ್ಕೆ ಅರ್ಜಿ ಹಾಕಿದೆವು. ಫ್ಯಾಕ್ಟರಿಯ ಉತ್ತರ ಬಂತು. ನಮ್ಮಲ್ಲಿ ಯಾವ ಹಬೆಯೂ ಹೊರಗೆ ಬರುವುದಿಲ್ಲ, ಎಲ್ಲ ಪೈಪಿನೊಳಗೇ ಇರುತ್ತದೆ. ಅರ್ಜಿದಾರಳು ಮೂಢನಂಬಿಕೆಯಿಂದ ಅಂಗಾಲು ಸುಟ್ಟುಕೊಂಡು, ಅದರಿಂದ ಬಂದ ಮರಗಟ್ಟುವಿಕೆಯನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾಳೆ. ಗಾಳಿ ಬಡಿದಿದೆ ಎಂದು ಆಕೆಯೇ ಆಸ್ಪತ್ರೆಯಲ್ಲಿ ಹೇಳಿದ್ದಾಳೆ.

ಇಂಥ ಕೇಸುಗಳನ್ನು ಕೇಳುವವರು ಹಿರಿಯ ಸಿವಿಲ್ ನ್ಯಾಯಾಧೀಶರು. ಅಂದು ಅವರ ಮುಂದೆ ಮಹಾಲಕ್ಷ್ಮಮ್ಮನನ್ನು ಪ್ರಶ್ನಿಸಲು ಎದ್ದು ನಿಂತ ಫ್ಯಾಕ್ಟರಿಯ ವಕೀಲರ ಮುಖದಲ್ಲಿ ಆಗಲೇ ಗೆದ್ದು ಊಟ ಮುಗಿಸಿದ ಕಳೆ ಇತ್ತು.

"ಗಾಳಿ ಬಡಿದಿದೆ ಅಂತ ಆಸ್ಪತ್ರೆಯಲ್ಲಿ ನೀವೇ ಹೇಳಿದ್ರಿ. ಹೌದೋ ಅಲ್ವೋ?"

"ಔದು ಸ್ವಾಮಿ."

"ಗಾಳಿ ಬಿಡಿಸೋಕೆ ಮಂತ್ರವಾದಿ ಹತ್ರ ಹೋಗಿದ್ರಿ. ಹೌದೋ ಅಲ್ವೋ?"

"ಔದು. ಆದ್ರೆ ಅದು ಬ್ಯಾರೆ ಗಾಳಿ ಸ್ವಾಮಿ. ಫ್ಯಾಕ್ಟ್ರಿ ಗಾಳಿ ಬ್ಯಾರೆ, ಇದು ಬ್ಯಾರೆ."

ಕೋರ್ಟಿನಲ್ಲಿ ನಗು ಎದ್ದಿತು. ಎಷ್ಟು ಥರದ ಗಾಳಿ ಇದಾವಮ್ಮ ನಿಮ್ಮೂರಲ್ಲಿ ಎಂದರು ಆ ವಕೀಲರು. ಮತ್ತೆ ನಗು. ನ್ಯಾಯಾಧೀಶರು ನಗಲಿಲ್ಲ, ಆದರೆ ಆಕೆ ಔದು ಎಂದದ್ದನ್ನೆಲ್ಲ ಹಾಗೆಯೇ ಬರೆಸಿದರು. ಮಹಾಲಕ್ಷ್ಮಮ್ಮ ಕಟಕಟೆಯ ಕಂಬ ಹಿಡಿದುಕೊಂಡು ನಿಂತಿದ್ದಳು; ಕಾಲು ನೆಲಕ್ಕೆ ಊರಿದೆಯೋ ಇಲ್ಲವೋ ಎಂದು ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದಳು. ನಕ್ಕವರನ್ನೆಲ್ಲ ಒಂದೊಂದು ದಿನ ಆ ಹಿಂದಿನ ರೂಮಿನಲ್ಲಿ ಚೀಲ ತುಂಬಲು ಕಳಿಸಬೇಕು ಎನ್ನಿಸಿತು ನನಗೆ. ಈಗಲೂ ಅನ್ನಿಸುತ್ತದೆ.

ಹೊರಗೆ ಬಂದ ಮೇಲೆ ಬೃಂದಾ ಮೇಡಂ ಕೇಳಿದರು. ಫ್ಯಾಕ್ಟರಿಯಲ್ಲಿ ಗಾಳಿ ಎಂದರೆ ಹೆಕ್ಸೇನ್ ಎಂದು ಹೇಳಲು ಇನ್ನೊಬ್ಬರು ಸಾಕು, ಯಾರಾದರೂ ಬರುತ್ತಾರಾ? ಇದ್ದಳು, ರಮ್ಯ. ಅದೇ ರೂಮು, ಅದೇ ವ್ಯಾನು, ಅದೇ ಊರು. ಅವಳ ಚಪ್ಪಲಿಯೂ ಈಚೆಗೆ ಕಳಚಲು ಶುರುವಾಗಿತ್ತು. ಮಹಾಲಕ್ಷ್ಮಮ್ಮ ತಲೆ ಅಲ್ಲಾಡಿಸಿದಳು.

"ಬ್ಯಾಡಿ ಮೇಡಂ. ಅವ್ಳು ಇಲ್ಲಿ ಬಂದು ನಿಂತ್ರೆ ನಾಳೀಕೆ ಗೇಟೊಳಕ್ಕೆ ಬುಡಲ್ಲ. ಅವ್ಳ ಹೊಟ್ಟೆ ಮ್ಯಾಲೆ ಹೊಡ್ದು ನಾನ್ ಉಣ್ಲಾ?"

"ಹಾಗಾದ್ರೆ ಕೇಸು ಕಷ್ಟ," ಎಂದರು ಮೇಡಂ.

"ಕಷ್ಟಾನೇ ಆಗ್ಲಿ."

ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯವರಾದರೆ ಕೋರ್ಟಿಗೆ ಯಾಕೆ ಬರಬೇಕು ಎಂದು ಮೇಡಂ ಮುಂದೆ ಗೊಣಗಿದೆ. ಅವರು ಕಡತ ಮುಚ್ಚಿ, "ಅವರ ಕಡೆ ಸಾಕ್ಷಿ ಬರಲಿ, ನೋಡೋಣ," ಎಂದರು.

ಅವರ ಕಡೆಯ ಸಾಕ್ಷಿ ಬಸವಪ್ರಸಾದ್. ಅವನು ಬರುವ ದಿನ ಸಣ್ಣಮ್ಮನೂ ಸೊಸೆಯ ಜೊತೆ ಬಂದಿದ್ದಳು. ಡಾಕ್ಟರು ಎಷ್ಟು ಹೇಳಿದ್ದರೂ ಆಕೆಯ ಮನಸ್ಸಿನಿಂದ ಹುಣಸೆಮರ ಹೋಗಿರಲಿಲ್ಲ; ಸೊಸೆಯ ತೋಳಿನಲ್ಲಿ ತಾಯತ ಹಾಗೆಯೇ ಇತ್ತು. ಕೊನೆಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಳು.

ಬಸವಪ್ರಸಾದ್ ಇಸ್ತ್ರಿ ಶರ್ಟು ಹಾಕಿ ಬಂದಿದ್ದ. ಕೆಟ್ಟವನಲ್ಲ. ಹೆಂಗಸರ ಜೊತೆ ತಮಾಷೆ ಮಾಡಿಕೊಂಡು ಕೆಲಸ ತೆಗೆಯುವ ಮನುಷ್ಯ. ಅವನಿಗೆ ಪಾಠ ಚೆನ್ನಾಗಿ ಹೇಳಿಕೊಟ್ಟಿದ್ದರು. ಹಬೆ ಹೊರಗೆ ಬರುತ್ತದೆಯೇ? ಇಲ್ಲ. ವಾಸನೆ? ಇಲ್ಲ. ಯಾರಿಗಾದರೂ ತೊಂದರೆ? ಇಲ್ಲವೇ ಇಲ್ಲ. ಹೆಕ್ಸೇನ್ ಎಂಬ ಪದವನ್ನು ಎಷ್ಟು ನೀಟಾಗಿ ಹೇಳುತ್ತಿದ್ದನೆಂದರೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿರಬೇಕು.

ಪಾಟಿ ಸವಾಲಿಗೆ ಎದ್ದ ಬೃಂದಾ ಮೇಡಂ ಹೆಕ್ಸೇನಿನ ಸುದ್ದಿಯನ್ನೇ ಎತ್ತಲಿಲ್ಲ. ವ್ಯಾನು ಎಷ್ಟು ಹೊತ್ತಿಗೆ ಬರುತ್ತೆ, ಊಟ ಎಲ್ಲಿ ಮಾಡ್ತಾರೆ, ಕುಡಿಯೋ ನೀರು ಎಲ್ಲಿದೆ ಎಂದು ಕೇಳುತ್ತ ಹೋದರು. ಅವನ ಹೆಗಲು ಸಡಿಲವಾಯಿತು. ಕನ್ನಡವೂ ಸಡಿಲವಾಯಿತು. ಆಮೇಲೆ ಮೇಡಂ ಮೆಲ್ಲಗೆ ಚುಚ್ಚಿದರು.

"ಹೆಂಗಸರಿಗೆ ಹುಷಾರಿಲ್ಲದಿದ್ರೂ ನೀವು ಕೂರೋಕೆ ಬಿಡ್ತಿರಲಿಲ್ಲ. ಒಟ್ಟು ಚೀಲ ತುಂಬಿದರೆ ಸಾಕು ಅನ್ನೋ ಮನುಷ್ಯ ನೀವು, ಅಲ್ವಾ?"

ಅವನ ಮುಖ ಕೆಂಪಾಯಿತು. ಈ ಆರೋಪ ಮಾತ್ರ ನಿಜಕ್ಕೂ ಸುಳ್ಳು, ಅದಕ್ಕೇ ತಟ್ಟಿತು.

"ಏನ್ ಮೇಡಂ ಇಂಗಂತೀರಿ? ನಂಗೂ ಅಕ್ಕತಂಗೀರು ಅವ್ರೆ. ಇದೇ ಮಾಲಕ್ಷ್ಮಕ್ಕುನ್ನೇ ಕೇಳಿ. ಗಾಳಿ ಜಾಸ್ತಿ ಎದ್ದ ದಿನ, ಸಾಕು ಬುಡ್ರಮ್ಮ, ಆಚೆ ಬನ್ನಿ ಅಂತ ನಾನೇ ಈಚೆಗೆ ಕಳುಸ್ತಿರ್ನಿಲ್ವಾ?"

ಮೇಡಂ ಮುಂದಿನ ಪ್ರಶ್ನೆ ಕೇಳಲಿಲ್ಲ. ಕೂತುಬಿಟ್ಟರು. ಬೆರಳಚ್ಚು ನಿಂತಿತು. ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನು ನೋಡಿದರು.

"ಯಾವ ಗಾಳಿ?"

ಬಸವಪ್ರಸಾದ್ ತನ್ನ ವಕೀಲರ ಕಡೆ ನೋಡಿದ. ಅವರು ಕಡತದ ಒಳಗೆ ಏನನ್ನೋ ಹುಡುಕುತ್ತಿದ್ದರು. ಅವನು ಮಹಾಲಕ್ಷ್ಮಮ್ಮನ ಕಡೆ ನೋಡಿದ. ಆಕೆ ಸಿಟ್ಟಿನಿಂದಲ್ಲ, ಪರಿಚಯದವರನ್ನು ನೋಡುವ ಹಾಗೆಯೇ ಅವನನ್ನು ನೋಡುತ್ತಿದ್ದಳು.

"ಅದೇ ಸಾರ್," ಎಂದ ಕೊನೆಗೆ. "ಹೆಕ್ಸೇನ್. ಅಲ್ಲಿ ಎಲ್ರೂ ಗಾಳಿ ಅಂತ್ಲೇ ಅನ್ನದು."

ಹಿಂದಿನ ಬೆಂಚಿನಲ್ಲಿ ಸಣ್ಣಮ್ಮ ಎದ್ದು ನಿಂತಳು. ಕೋರ್ಟು ಎನ್ನುವುದು ಅವಳಿಗೆ ಮರೆತೇ ಹೋಗಿತ್ತು.

"ಅಂಗಾದ್ರೆ ನನ್ ಸೊಸೆಗೆ ದೆವ್ವ ಇರ್ನಿಲ್ವಾ?"

ಅಟೆಂಡರ್ ಶ್ ಎಂದು ಓಡಿಬಂದ. ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ಆಕೆಗೆ ಕೂತುಕೊಳ್ಳಲು ಹೇಳಿ, ಬೆರಳಚ್ಚಿನವನ ಕಡೆ ತಿರುಗಿ ಬಸವಪ್ರಸಾದನ ಮಾತನ್ನು ಅವನ ಭಾಷೆಯಲ್ಲೇ, ಗಾಳಿ ಸಮೇತ ಬರೆಸಿದರು.

ಹೊರಗೆ ಬೇವಿನ ಮರದ ಕೆಳಗೆ ಸಣ್ಣಮ್ಮ ಕುಸಿದು ಕೂತಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. "ಒಂದ್ ಮಾತು ತಪ್ಪಾಗಿ ಕೇಳುಸ್ಕೊಂಡು ನಿನ್ ಕಾಲ್ ಸುಡಿಸ್ಬುಟ್ನಲ್ಲಮ್ಮಿ. ಕೈಯಾರೆ ಕರ್ಕೊಂಡೋಗಿ ಸುಡಿಸ್ಬುಟ್ನಲ್ಲ." ಮಹಾಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಅತ್ತೆಯ ಬೆನ್ನು ಸವರಿದಳು. ನೀವು ಮಾರಯ್ಯನ ಕೈ ದಬ್ಬಿದ್ದಕ್ಕೆ ಇಷ್ಟಕ್ಕೇ ನಿಂತಿತು ಎಂದಳು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇನಿದೆ. ಟೀ ತರುತ್ತೇನೆಂದು ಅಲ್ಲಿಂದ ಎದ್ದೆ.

ಆದೇಶ ಬರಲು ಇನ್ನೂ ತಿಂಗಳುಗಳು ಹಿಡಿದವು. ಡಾಕ್ಟರ್ ತೇಜಸ್ವಿನಿ ಬಂದು ನರಗಳ ವಿಚಾರ ಹೇಳಿದರು. ಕೊನೆಗೆ ನ್ಯಾಯಾಧೀಶರು, ಆ ಕಾರ್ಖಾನೆಯಲ್ಲಿ ಗಾಳಿ ಎಂದರೆ ಹೆಕ್ಸೇನಿನ ಹಬೆ ಎಂದು ಕಂಪನಿಯ ಸಾಕ್ಷಿಯೇ ಒಪ್ಪಿದ್ದಾನೆ, ಆಸ್ಪತ್ರೆಯಲ್ಲಿ ಅರ್ಜಿದಾರಳು ಹೇಳಿದ್ದೂ ಅದೇ ಗಾಳಿ, ಕಾಯಿಲೆ ಕೆಲಸದಿಂದಲೇ ಬಂದದ್ದು ಎಂದು ಬರೆದರು. ಪರಿಹಾರ ಕೊಡಬೇಕೆಂದರು. ಕಂಪನಿ ಅಪೀಲು ಹೋಗುತ್ತೇನೆ ಎಂದಿತು. ಹೋಗಲಿ; ಆದೇಶವಾದ ದುಡ್ಡನ್ನು ಮೊದಲು ಕೋರ್ಟಿಗೆ ತಂದು ಇಟ್ಟು ಆಮೇಲೆ ಹೋಗಬೇಕು, ಕಾನೂನು ಅಷ್ಟರಮಟ್ಟಿಗೆ ಬುದ್ಧಿವಂತ. ಹಿಂದಿನ ರೂಮಿಗೆ ಕಿಡಿ ಹತ್ತದ ಫ್ಯಾನು ಬಂತಂತೆ, ಬಕೆಟ್ ಹೋಯಿತಂತೆ. ರಮ್ಯ ಈಗ ಒಣಗಿಸುವ ಅಂಗಳದಲ್ಲಿ, ಬಿಸಿಲಿನಲ್ಲಿ ಕೆಲಸ ಮಾಡುತ್ತಾಳೆ. ಬಸವಪ್ರಸಾದ್‌ಗೆ ಏನಾಯಿತೆಂದು ಕೇಳಿದಿರಾದರೆ, ಬೇರೆ ಕಡೆ ಕೆಲಸ ಹುಡುಕಿಕೊಂಡ. ಹೋಗುವಾಗ ಉಡಿಗಾಲಕ್ಕೆ ಬಂದು ಹೇಳಿಹೋದನಂತೆ.

ಆದೇಶದ ಪ್ರತಿ ಕೊಡಲು ನಾನೇ ಉಡಿಗಾಲಕ್ಕೆ ಹೋದೆ. ಹೊತ್ತು ಇಳಿಯುತ್ತಿತ್ತು. ಶಿವಮಲ್ಲು ಅವತ್ತು ಮನೆಯಲ್ಲೇ ಇದ್ದ. ಕಾಗದವನ್ನು ಬೆಳಕಿಗೆ ಹಿಡಿದು ಓದುತ್ತ ನಿಂತ. ಮಹಾಲಕ್ಷ್ಮಮ್ಮ ಜಗಲಿ ಮೇಲೆ ಕೂತಿದ್ದಳು. ತೋಳಿನಲ್ಲಿ ತಾಯತ ಇರಲಿಲ್ಲ. ಸಣ್ಣಮ್ಮ ಎಂದಿನ ಹಾಗೆ ಸೊಸೆಯ ಕಾಲನ್ನು ತೊಡೆ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಳ್ಳು ಕಲ್ಲು ಚುಚ್ಚಿದೆಯೇ ಎಂದು ಅಂಗಾಲು ನೋಡುತ್ತಿದ್ದಳು. ಸ್ಪರ್ಶವಿಲ್ಲದ ಕಾಲಿಗೆ ಗಾಯವಾದರೆ ಅವಳಿಗೆ ತಿಳಿಯುವುದಿಲ್ಲ, ದಿನಾ ಯಾರಾದರೂ ನೋಡಲೇಬೇಕು ಎಂದು ಡಾಕ್ಟರು ಹೇಳಿದ್ದರು. ನೋಡಿ ಮುಗಿಸಿ, ಹಳೆಯ ಅಭ್ಯಾಸದ ಹಾಗೆ ಹೆಬ್ಬೆರಳು ಹಿಸುಕಿದಳು.

"ಗೊತ್ತಾಯ್ತದಾ ಅಮ್ಮಿ?"

ಮಹಾಲಕ್ಷ್ಮಮ್ಮ ಅತ್ತೆಯ ಮುಖ ನೋಡಿದಳು.

"ಇಲ್ಲ ಅತ್ತೆ," ಎಂದಳು. "ಮೊದ್ಲಿಂದ್ಲೂ ಗೊತ್ತಾಯ್ತಿರ್ನಿಲ್ಲ."

ಸಣ್ಣಮ್ಮನ ಕೈ ನಿಂತಿತು. ಆಮೇಲೆ ಪಕ್ಕದ ಬೆರಳಿಗೆ ಹೋದಳು, ಅದರ ಪಕ್ಕದ್ದಕ್ಕೆ ಹೋದಳು, ಸಂದುಗಳಲ್ಲಿ ಬಟ್ಟೆ ಆಡಿಸಿ ಒರೆಸಿದಳು.

"ಗೊತ್ತಾಗ್ದಿದ್ರೆ ಬುಡು," ಎಂದಳು. "ನಾನ್ ನೋಡ್ತೀನಲ್ಲ."